ನಾಯಿ ಅಗಿಯುವ ಹಾಲಿನ ಕಡ್ಡಿ: ಜಪಾನ್ ಏನು ಕೇಳುತ್ತದೆ?

ಮಹಿಳಾ ಹಾಲು ಉತ್ಪಾದಕರೇ,

ಹಾಲಿನಿಂದ ಏನೇನು ಮಾಡಬಹುದು ಎಂದು ಕೇಳಿದರೆ ನೀವು ಮೊಸರು, ತುಪ್ಪ, ಪೇಡ ಎನ್ನುತ್ತೀರಿ. ನಾಯಿ ಅಗಿಯುವ ಕಡ್ಡಿಯನ್ನೂ ಮಾಡುತ್ತಾರೆ! ನೇಪಾಳದ ಬೆಟ್ಟಗಳಲ್ಲಿ ಯಾಕ್ ಮತ್ತು ಹಸುವಿನ ಹಾಲಿನ ಕೆನೆ ತೆಗೆದು, ಹಾಲು ಒಡೆಸಿ, ನೀರು ಹಿಂಡಿ, ಕಲ್ಲಿನಂತೆ ಒಣಗಿಸಿದ ಚೀಸ್‌ಗೆ ಛುರ್ಪಿ ಎಂದು ಹೆಸರು. ಜನ ಬಾಯಲ್ಲಿಟ್ಟು ಚೀಪುತ್ತಿದ್ದ ಈ ಪದಾರ್ಥ ಈಗ ನಾಯಿಗಳಿಗಾಗಿ ವಿದೇಶಕ್ಕೆ ಹೋಗುತ್ತಿದೆ. ಜಪಾನಿನಲ್ಲೂ ಮಾರಾಟವಾಗುತ್ತದೆ.

ಜಪಾನಿನಲ್ಲಿ 15 ವರ್ಷದೊಳಗಿನ ಮಕ್ಕಳಿಗಿಂತ ಸಾಕಿದ ನಾಯಿ, ಬೆಕ್ಕುಗಳ ಸಂಖ್ಯೆಯೇ ಹೆಚ್ಚು. ಬಣ್ಣ, ರಾಸಾಯನಿಕ ಸೇರಿಸದ ತಿನಿಸಿಗೆ ಅಲ್ಲಿ ಬೇಡಿಕೆ ಇದೆ. ಹೊಕ್ಕೈಡೋ ದ್ವೀಪದ ಜಿಂಕೆ ಮಾಂಸ, ಜಿಂಕೆ ಕೊಂಬು, ಹಾಲಿನ ಕಡ್ಡಿ ಎಲ್ಲವೂ ಈ ಸಾಲಿನವು.

ನಾಯಿ ತಿನ್ನುವುದಕ್ಕೆ ಯಾವ ಕಾನೂನು ಎನ್ನಬೇಡಿ. 2007ರಲ್ಲಿ ಅಮೆರಿಕದಲ್ಲಿ ಮೆಲಮೈನ್ ಬೆರೆತ ಆಹಾರ ತಿಂದ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಪರೀಕ್ಷೆಯಲ್ಲಿ ಪ್ರೋಟೀನ್ ಹೆಚ್ಚು ತೋರಲಿ ಎಂದು ಮಾಡಿದ ಕಲಬೆರಕೆ ಅದು. ಜಪಾನ್ 2008ರಲ್ಲಿ ಸಾಕುಪ್ರಾಣಿ ಆಹಾರ ಸುರಕ್ಷತಾ ಕಾನೂನು ಮಾಡಿ, 2009ರ ಜೂನ್ 1ರಿಂದ ಜಾರಿಗೆ ತಂದಿತು. ಪೊಟ್ಟಣದ ಮೇಲೆ ಹೆಸರು, ಬಳಕೆಯ ಕೊನೆಯ ದಿನ, ಪದಾರ್ಥಗಳು, ತಯಾರಾದ ದೇಶ, ಜವಾಬ್ದಾರಿ ಹೊತ್ತವರ ಹೆಸರು-ವಿಳಾಸ ಜಪಾನಿ ಭಾಷೆಯಲ್ಲಿ ಇರಲೇಬೇಕು. ಒಂದು ಕೆಜಿಯಲ್ಲಿ ಮೆಲಮೈನ್ 2.5 ಮಿಲಿಗ್ರಾಂ, ಅಫ್ಲಾಟಾಕ್ಸಿನ್ ಬಿ1 0.02 ಮಿಲಿಗ್ರಾಂ ದಾಟುವಂತಿಲ್ಲ.

ಈ ಮಿತಿಗಳು ವಿಷವನ್ನು ತಡೆಯುತ್ತವೆ, ಹಲ್ಲು ಮುರಿಯುವುದನ್ನು ತಡೆಯವು. ತೀರಾ ಗಟ್ಟಿ ವಸ್ತು ಕಚ್ಚಿದರೆ ನಾಯಿಯ ಮೇಲ್ದವಡೆಯ ದೊಡ್ಡ ಹಲ್ಲು ಸೀಳುತ್ತದೆ. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಿದ್ದರೆ ಕೊಡಬಾರದು ಎಂಬುದು ಪಶುವೈದ್ಯರ ಸಲಹೆ. ನಿಮ್ಮ ಮನೆಯ ನಾಯಿ ಕಚ್ಚುವ ಎಲುಬು, ಗೊರಸಿಗೂ ಇದು ಅನ್ವಯ. ಛುರ್ಪಿಯ ಕೊನೆಯ ತುಂಡು ಗಂಟಲಿಗೆ ಸಿಕ್ಕೀತೆಂದು ಅದನ್ನು ನೆನೆಸಿ ಮೈಕ್ರೋವೇವ್‌ನಲ್ಲಿ ಬಿಸಿ ಮಾಡುತ್ತಾರೆ, ಹಪ್ಪಳದಂತೆ ಉಬ್ಬುತ್ತದೆ.

ಅಫ್ಲಾಟಾಕ್ಸಿನ್ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅದು ನಿಮ್ಮ ಕೊಟ್ಟಿಗೆಯಲ್ಲೂ ಇರಬಹುದು. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮೆಕ್ಕೆಜೋಳದಲ್ಲಿರುವ ಬಿ1 ಹಸುವಿನ ಹೊಟ್ಟೆ ಸೇರಿದರೆ, ಹಾಲಿನಲ್ಲಿ ಎಂ1 ಆಗಿ ಹೊರಬರುತ್ತದೆ. ಕಾಯಿಸಿದರೂ ಹೋಗದು. ಹಾಲಿನ ಕೇಸೀನ್‌ಗೆ ಅಂಟಿಕೊಳ್ಳುವುದರಿಂದ ಚೀಸ್‌ನಲ್ಲಿ ಅದರ ಸಾಂದ್ರತೆ ಹಾಲಿಗಿಂತ ಹೆಚ್ಚು. ನಮ್ಮ ದೇಶದಲ್ಲಿ ಹಾಲಿಗೆ ಇರುವ ಮಿತಿ ಕೆಜಿಗೆ 0.5 ಮೈಕ್ರೋಗ್ರಾಂ ಮಾತ್ರ. ಆದ್ದರಿಂದ ಹಿಂಡಿ ಚೀಲವನ್ನು ನೆಲಕ್ಕೆ ತಾಗಿಸದೆ ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ. ಬೂಷ್ಟು ವಾಸನೆ ಬಂದ ಹಿಂಡಿಯನ್ನು ಒಣಗಿಸಿ ಒಳ್ಳೆಯದರ ಜೊತೆ ಬೆರೆಸಬೇಡಿ, ನಾಯಿ, ಕೋಳಿಗೂ ಹಾಕಬೇಡಿ. ಗುಂಡಿ ತೋಡಿ ಮುಚ್ಚಿಬಿಡಿ.