ಹುಬ್ಬಳ್ಳಿಯ ಕರಾರಿಗೆ ಸಹಿ ಹಾಕುವ ಮುಂಚೆ

ಪ್ರೀತಿಯ ಸೊಸೆಗೆ,

ಲೈಸೆನ್ಸ್ ಕರಾರಿನ ಕರಡು ಓದಿದೆ. ನಿನ್ನಂತೆ ಮನೆಯಿಂದಲೇ ವ್ಯಾಪಾರ ಬೆಳೆಸಿದವರು ಇನ್ನೂ ಹಲವರಿದ್ದಾರೆ, ಅವರೂ ಓದಲಿ ಅಂತ ಉತ್ತರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಹುಬ್ಬಳ್ಳಿಯ ಗಿರಣಿಯವರು ನಿನ್ನ ಸಾಂಬಾರ್ ಪುಡಿಯ ಹೆಸರನ್ನು ಐದು ವರ್ಷ ಬಳಸಲು ಕೇಳಿದ್ದಾರೆ. ರಾಯಲ್ಟಿಯ ಲೆಕ್ಕಕ್ಕೆ ಎರಡು ಪುಟ. ಪುಡಿಯ ಬಗ್ಗೆ ‘ಉತ್ತಮ ಗುಣಮಟ್ಟ ಕಾಯ್ದುಕೊಳ್ಳತಕ್ಕದ್ದು’ ಎಂಬ ಒಂದೇ ಸಾಲು!

ಉತ್ತಮ ಅಂದರೆ ಯಾರ ನಾಲಿಗೆಗೆ? ಬ್ಯಾಡಗಿ ಮೆಣಸಿನಕಾಯಿಯ ಬದಲು ಗುಂಟೂರಿನದು ಹಾಕಿದರೂ ಅವರು ಉತ್ತಮ ಅಂತಲೇ ವಾದಿಸಬಹುದು. ಬೈಗುಳ ಮಾತ್ರ ಪ್ಯಾಕೆಟ್ ಮೇಲಿನ ಹೆಸರಿಗೆ. ಯಾವ ಮೆಣಸಿನಕಾಯಿ, ಕೊತ್ತಂಬರಿ ಬೀಜ ಎಷ್ಟು, ಹುರಿಯುವ ಹದ ಯಾವುದು ಎಂದು ಅನುಬಂಧದಲ್ಲಿ ಬರೆಸು. ಪ್ರತಿ ಬ್ಯಾಚಿನ ಸ್ಯಾಂಪಲ್ ನಿನಗೆ ಬರಲಿ, ಮುನ್ಸೂಚನೆ ಕೊಡದೆ ಹೋಗಿ ಗಿರಣಿ ನೋಡುವ ಹಕ್ಕೂ ಇರಲಿ. ಲಿಖಿತ ಒಪ್ಪಿಗೆಯಿದ್ದು ಷರತ್ತುಗಳ ಪ್ರಕಾರ ನಡೆದರೆ ಅವರು ಹೆಸರು ಬಳಸಿದ್ದನ್ನು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ ನೀನೇ ಬಳಸಿದಂತೆ ಎಣಿಸುತ್ತದೆ. ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ ಮೊಕದ್ದಮೆಯಲ್ಲಿ (ನಮ್ಮ ಕಾಲದ ಗೋಲ್ಡ್ ಸ್ಪಾಟ್, ಲಿಮ್ಕಾಗಳ ಜಗಳ ಅದು) ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದ್ದೂ ಇದನ್ನೇ: ಲೈಸೆನ್ಸ್ ಕೊಟ್ಟ ಮೇಲೂ ಮಾಲೀಕರಿಗೂ ಸರಕಿಗೂ ಇರುವ ವ್ಯಾಪಾರದ ನಂಟು ಕಡಿಯಬಾರದು.

ಟಿಎಂ-ಯು ಅರ್ಜಿ ಹಾಕಿ ತಮ್ಮನ್ನು ನೋಂದಾಯಿತ ಬಳಕೆದಾರರನ್ನಾಗಿ ಮಾಡಿ ಎಂದು ಅವರು ಕೇಳಬಹುದು. ಅದು ಕಡ್ಡಾಯವಲ್ಲ. ಮಾಡುವುದಾದರೆ ಕರಾರಾದ ಆರು ತಿಂಗಳೊಳಗೆ ಇಬ್ಬರೂ ಸೇರಿ ಅರ್ಜಿ ಹಾಕಬೇಕು. ಆಗ ನಕಲಿ ಮಾರುವವರ ಮೇಲೆ ಅವರೂ ದಾವೆ ಹೂಡಬಹುದು. ನೋಂದಣಿ ಇಲ್ಲದವರಿಗೆ ಆ ಹಕ್ಕಿಲ್ಲ. ಅವರ ಕೆಲಸ ನೋಡಿಕೊಂಡು ಮುಂದಿನ ಕರಾರಿನಲ್ಲಿ ಯೋಚಿಸು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನಿನ್ನ ಟ್ರೇಡ್ ಮಾರ್ಕ್ ಸರ್ಟಿಫಿಕೇಟ್. ಅದು ಕೈಗೆ ಬಂದದ್ದು 2018ರಲ್ಲಿ, ಹಾಗಾಗಿ 2028ರವರೆಗೆ ಯೋಚನೆಯಿಲ್ಲ ಅಂತ ಬರೆದಿದ್ದೀಯ. ಹತ್ತು ವರ್ಷ ಎಣಿಸುವುದು ಅರ್ಜಿ ಹಾಕಿದ ದಿನದಿಂದ ಕಣಮ್ಮ. ನೀನು ಅರ್ಜಿ ಹಾಕಿದ್ದು 2017ರ ಜನವರಿಯಲ್ಲಿ. 2027ರ ಜನವರಿಗೆ ಅವಧಿ ಮುಗಿಯಿತು, ಈ ಐದು ವರ್ಷದ ಲೈಸೆನ್ಸ್ ಇನ್ನೂ ಅರ್ಧಕ್ಕೂ ಬಂದಿರುವುದಿಲ್ಲ. ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಿಸಬಹುದು: ಆನ್‌ಲೈನಿನಲ್ಲಿ ಒಂದು ವರ್ಗಕ್ಕೆ 9,000 ರೂಪಾಯಿ, ಮತ್ತೆ ಹತ್ತು ವರ್ಷ. ದಿನ ದಾಟಿದರೆ ಆರು ತಿಂಗಳವರೆಗೆ ಮೇಲೆ 4,500 ತೆರಬೇಕು. ಅದೂ ತಪ್ಪಿದರೆ, ಅವಧಿ ಮುಗಿದು ಒಂದು ವರ್ಷ ಆಗುವುದರೊಳಗೆ ಪುನಃಸ್ಥಾಪನೆಗೆ ಕೇಳಿಕೊಳ್ಳಬೇಕು.

ಚೆನ್ನೈ ರಿಜಿಸ್ಟ್ರಿಯಿಂದ ನೋಟಿಸ್ ಬರುತ್ತದೆ ಎಂದು ಕಾಯಬೇಡ. ಮನೆ ಬದಲಿಸಿದೆ, ಅಲ್ಲಿ ವಿಳಾಸ ಬದಲಿಸಿದೆಯಾ? ಮೊದಲು ಅದನ್ನು ಮಾಡು.

ಕರಾರು ಮುಗಿದ ದಿನ ಅವರ ಗೋದಾಮಿನಲ್ಲಿ ಉಳಿಯುವ ಅಚ್ಚಾದ ಕವರುಗಳ ಗತಿಯನ್ನೂ ಬರೆಸು. ತಿದ್ದಿದ ಕರಡು ಕಳಿಸು. ರಾಯಲ್ಟಿ ಪುಟಗಳನ್ನು ನೀನೇ ನೋಡಿಕೋ, ನನಗೆ ಪುಡಿಯ ಅನುಬಂಧ ಸಾಕು.

ಇಂತಿ,
ನಿನ್ನ ಸೋದರಮಾವ