ಕಾಡಿನ ಮಾತು, ಕಾಡಿನ ಹಕ್ಕು

ಅಕ್ಕ ತಂಗಿಯರೇ, ಬಿಳಿಗಿರಿರಂಗನ ಬೆಟ್ಟದ ಹೆಸರು ಕೇಳಿದ್ದೀರಲ್ಲ? ಅದು ಚಾಮರಾಜನಗರ ಜಿಲ್ಲೆಯಲ್ಲಿದೆ. ಆ ಕಾಡಿನಲ್ಲಿ ಸೋಲಿಗರು ಇದ್ದಾರೆ. ಇವರು ನಿನ್ನೆ ಮೊನ್ನೆ ಬಂದವರಲ್ಲ. ಅಜ್ಜ ಮುತ್ತಜ್ಜರ ಕಾಲದಿಂದ ಅಲ್ಲೇ ಬಾಳುತ್ತಿದ್ದಾರೆ. ತಮ್ಮ ಊರಿಗೆ ಅವರು ಪೋಡು ಅಂತಾರೆ.

ಬೆಟ್ಟದ ರಂಗಪ್ಪ ಸೋಲಿಗರಿಗೆ ದೇವರು. ನೆಂಟನೂ ಹೌದು! ಸೋಲಿಗರ ಹುಡುಗಿ ಕುಸುಮಾಲೆಯನ್ನು ರಂಗಪ್ಪ ಮದುವೆಯಾದ ಎಂದು ಅವರ ಕತೆ ಹೇಳುತ್ತದೆ. ಹಾಗಾಗಿ ರಂಗಪ್ಪ ಅವರಿಗೆ ಭಾವ. ದೊಡ್ಡ ಸಂಪಿಗೆ ಮರವನ್ನೂ ಅವರು ಪೂಜೆ ಮಾಡುತ್ತಾರೆ. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ ಮಾಡುತ್ತಾರೆ.

ಕಾಡಿನಿಂದ ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಪಾಚಿ ತರುತ್ತಾರೆ. ಜೇನು ಕೀಳುವಾಗ ಎಲ್ಲವನ್ನೂ ಬಾಚಿಕೊಳ್ಳುವುದಿಲ್ಲ. ಹುಳಕ್ಕೂ ಒಂದು ಪಾಲು ಬಿಡುತ್ತಾರೆ.

ಹಿಂದೆ ಬೇಸಿಗೆ ಏರುವ ಮೊದಲೇ ಒಣಗಿದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಅದರ ಹೆಸರು ತರಗು ಬೆಂಕಿ. ಇದರಿಂದ ದೊಡ್ಡ ಬೆಂಕಿ ಬೀಳುವುದಿಲ್ಲ, ಲಂಟಾನ ಕಳೆ ಹಬ್ಬುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ನೋಡಿ, ಎರಡೇ ಮಾತಿನಲ್ಲಿ ಎಷ್ಟು ತಿಳಿವಳಿಕೆ ಇದೆ! ಮಾತು ಮರೆತರೆ ತಿಳಿವಳಿಕೆಯೂ ಹೋಯಿತು.

ಸೋಲಿಗರ ಮಾತು ಕನ್ನಡಕ್ಕೆ ಹತ್ತಿರದ್ದು. ಮಕ್ಕಳು ಶಾಲೆಯಲ್ಲಿ ಮನೆಮಾತು ಆಡಿದರೆ ಕೆಲವರು ನಗುತ್ತಾರೆ. ಪಾಠ ಹೇಳುವ ನಾವೂ "ಸರಿಯಾಗಿ ಮಾತಾಡು" ಅಂತ ಗದರಿದ್ದುಂಟು. ಅದು ನಮ್ಮ ತಪ್ಪು. ತಮ್ಮ ಭಾಷೆ, ತಮ್ಮ ಸಂಸ್ಕೃತಿ ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೇ ವಿಧಿಯೇ ಕೊಟ್ಟಿದೆ.

1974ರಲ್ಲಿ ಸರ್ಕಾರ ಈ ಕಾಡನ್ನು ಅಭಯಾರಣ್ಯ ಎಂದು ಸಾರಿತು. ಬೇಟೆ ನಿಂತಿತು. ಕಾಡು ಕಡಿದು ಬೇಸಾಯ ಮಾಡುವುದು ನಿಂತಿತು. ತರಗು ಬೆಂಕಿಯೂ ನಿಂತಿತು. 2006ರ ಹೊತ್ತಿಗೆ ಜೇನು, ನೆಲ್ಲಿಕಾಯಿ ತಂದು ಮಾರುವುದಕ್ಕೂ ತಡೆ ಬಂದಿತ್ತು. ಹೊಟ್ಟೆಪಾಡು ಹೇಗೆ? ಸೋಲಿಗರು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿದರು.

ಅದೇ 2006ರಲ್ಲಿ ದೆಹಲಿಯ ಪಾರ್ಲಿಮೆಂಟು ಅರಣ್ಯ ಹಕ್ಕು ಕಾಯಿದೆ ಮಾಡಿತು. ಪೋಡುಗಳಲ್ಲಿ ಗ್ರಾಮಸಭೆ ನಡೆದವು. ದೇವರ ತಾಣ ಯಾವುದು, ಹಳೆಯ ಪೋಡು ಎಲ್ಲಿತ್ತು ಎಂದು ಹಿರಿಯರು ತೋರಿಸಿದರು. ಅವೆಲ್ಲ ನಕ್ಷೆಗೆ ಬಂದವು. ಹೆಸರು ಮರೆಯದೆ ಇದ್ದದ್ದಕ್ಕೆ ನಕ್ಷೆ ಆಯಿತು.

2011ರ ಜನವರಿಯಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ, 25 ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನಲ್ಲಿ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಈ ಕಾಯಿದೆಯಲ್ಲಿ ನಾವು ಹೆಂಗಸರು ತಿಳಿಯಬೇಕಾದ್ದು ಇದೆ.

1. ಆದಿವಾಸಿ ಕುಟುಂಬ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಕಾಡಿನ ಜಮೀನು ಉಳುತ್ತಿದ್ದರೆ ಹಕ್ಕು ಕೇಳಬಹುದು.
2. ಹಕ್ಕುಪತ್ರದಲ್ಲಿ ಗಂಡ, ಹೆಂಡತಿ ಇಬ್ಬರ ಹೆಸರೂ ಇರಬೇಕು.
3. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಹೆಂಗಸರು ಇರಬೇಕು.
4. ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷಿ.
5. ಗ್ರಾಮಸಭೆಯ ತೀರ್ಮಾನ ಒಪ್ಪಿಗೆ ಆಗದಿದ್ದರೆ 60 ದಿನದೊಳಗೆ ಮೇಲಿನ ಸಮಿತಿಗೆ ಅರ್ಜಿ ಕೊಡಬಹುದು.

ಈಗ ನಮಗೆ ಓದು ಬರುತ್ತೆ. ಹಕ್ಕುಪತ್ರ ಕೈಗೆ ಬಂದರೆ ಮೊದಲು ನಮ್ಮ ಹೆಸರು ಹುಡುಕೋಣ. ಇಲ್ಲದಿದ್ದರೆ ಕೇಳೋಣ. ಓದದೆ ಹೆಬ್ಬೆಟ್ಟು ಒತ್ತುವುದು ಬೇಡ.

ಹೊಸ ಪದಗಳು
ಅಭಯಾರಣ್ಯ – ಕಾಡುಪ್ರಾಣಿಗಳನ್ನು ಕಾಪಾಡುವ ಕಾಡು
ಸಾಮೂಹಿಕ – ಎಲ್ಲರಿಗೂ ಸೇರಿದ
ನಕ್ಷೆ – ಜಾಗವನ್ನು ತೋರಿಸುವ ಚಿತ್ರ

ಮಾತಾಡೋಣ
ನಿಮ್ಮ ಮನೆಯ ಜಮೀನಿನ ಕಾಗದದಲ್ಲಿ ಯಾರ ಹೆಸರಿದೆ?

ಬರೆಯೋಣ
ನಿಮ್ಮ ಅಜ್ಜಿ ಆಡುತ್ತಿದ್ದ, ಈಗ ಯಾರೂ ಆಡದ ಐದು ಮಾತು ಬರೆಯಿರಿ. ಮನೆಯ ಮಕ್ಕಳಿಗೆ ಓದಿ ಹೇಳಿ.