ಶೇಕಡಾ ಪಾಠದಿಂದ ಎಸ್‌ಡಿಎಂಸಿ ಸಭೆಯವರೆಗೆ

ಇಂಟರ್ನ್‌ಶಿಪ್‌ಗಾಗಿ ನಮ್ಮ ತಂಡದವರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಶಾಲೆಗಳಿಗೆ ಹಂಚಿಹೋಗಿದ್ದೆವು. ನನಗೆ ಬಂದದ್ದು ನಾಗಮಂಗಲ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ತರಗತಿ 7, ವಿಷಯ ಗಣಿತ, ಘಟಕ ಶೇಕಡಾ.

ಪಾಠ

ಲಾಭ-ನಷ್ಟದ ಬದಲು ಶಾಲೆಯದೇ ಉದಾಹರಣೆ ಆರಿಸಿಕೊಂಡೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಪ್ರಕರಣದಂತೆ ಶಾಲಾ ಸಮಿತಿಯಲ್ಲಿ ಕನಿಷ್ಠ ನಾಲ್ಕನೇ ಮೂರು ಭಾಗ ಪೋಷಕರಿರಬೇಕು, ಶೇ. 50ರಷ್ಟು ಮಹಿಳೆಯರಿರಬೇಕು. ಅವಕಾಶವಂಚಿತ ಹಾಗೂ ದುರ್ಬಲ ವರ್ಗದ ಮಕ್ಕಳ ಪೋಷಕರಿಗೆ ಪ್ರಮಾಣಕ್ಕೆ ತಕ್ಕಷ್ಟು ಸ್ಥಾನ ಸಿಗಬೇಕು. "ಸಮಿತಿಯಲ್ಲಿ 20 ಜನ ಎಂದಿಟ್ಟುಕೊಳ್ಳಿ" ಎಂದೆ. ಪೋಷಕರು 15, ಮಹಿಳೆಯರು 10 ಎಂದು ಮಕ್ಕಳು ಥಟ್ಟನೆ ಹೇಳಿದರು.

ಆಗ ಒಬ್ಬ ಹುಡುಗಿ ಎದ್ದಳು. "ನಮ್ಮವ್ವನೂ ಕಮಿಟೀಲಿ ಅವ್ಳೆ ಮಿಸ್. ಸೈನ್ ಹಾಕ್ಬುಟ್ಟು ಬತ್ತಾಳೆ, ಅಷ್ಟೇಯ."

ನನ್ನ ಲೆಕ್ಕ ಸರಿಯಿತ್ತು. ಆದರೆ ಕುರ್ಚಿ ಸಿಕ್ಕರೆ ಮಾತೂ ಸಿಗುತ್ತದೆಂದು ನಾನು ಅಂದುಕೊಂಡಿದ್ದು ತಪ್ಪಾಗಿತ್ತು.

ನನ್ನ ತಪ್ಪು

ಮುಖ್ಯಶಿಕ್ಷಕರ ಅನುಮತಿ ಪಡೆದು ಆ ತಾಯಿಯನ್ನು ಕಂಡೆ. ಕೂಲಿ ಮಾಡುವ ದಲಿತ ಮಹಿಳೆ. ಸಭೆಯಲ್ಲಿ ಕೇಳಲೆಂದು ಮೂರು ಪ್ರಶ್ನೆಗಳನ್ನು ನಾನೇ ಬರೆದುಕೊಟ್ಟೆ. ಅವರು ಚೀಟಿಯನ್ನು ಸಭೆ ಮುಗಿಯುವವರೆಗೂ ಕೈಯಲ್ಲಿ ಮಡಚಿ ಹಿಡಿದಿದ್ದರು, ಬಿಚ್ಚಲಿಲ್ಲ. ಅದು ಅವರ ಪ್ರಶ್ನೆಯಾಗಿರಲಿಲ್ಲ. ನನ್ನ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: "ಪಾಠ ಮಾಡಿದೆ ಸರಿ, ಅವರಿಗೇನು ಗೊತ್ತಿದೆ ಅಂತ ಮೊದಲು ಕೇಳಿದೆಯಾ?"

ತಿಳಿದುದರಿಂದ ತಿಳಿಯದುದರ ಕಡೆಗೆ

ಕೇಳಿದಾಗ ಗೊತ್ತಾಯಿತು, ಅವರು ಸ್ತ್ರೀಶಕ್ತಿ ಸಂಘದ ಸದಸ್ಯೆ. ಉಳಿತಾಯ, ಸಾಲ, ಬಡ್ಡಿ, ಬಾಕಿ ಎಲ್ಲವೂ ಬಾಯಲ್ಲೇ ಇತ್ತು. ಮೂರು ಸಂಜೆ ಸಂಘದ ಪಾಸ್‌ಪುಸ್ತಕವನ್ನೂ ಶಾಲೆಯ ಜಮಾ-ಖರ್ಚಿನ ಪುಟವನ್ನೂ ಅಕ್ಕಪಕ್ಕ ಇಟ್ಟುಕೊಂಡು ಕುಳಿತೆವು. ಜಮೆ, ಖರ್ಚು, ಉಳಿಕೆ ಅಲ್ಲಿಯೂ ಅವೇ. ಓದಿ ಹೇಳುತ್ತಿದ್ದವಳು ಮಗಳು, ನಾನಲ್ಲ.

ಮುಂದಿನ ಸಭೆಯಲ್ಲಿ ಅವರೇ ಕೇಳಿದರು: "ಮೋಟ್ರು ರಿಪೇರಿಗೆ ದುಡ್ಡು ಬರ್ದವ್ರೆ. ಹೆಣ್ಮಕ್ಳು ಶೌಚಾಲಯದ ನಲ್ಲೀಲಿ ಯಾಕ್ ಇನ್ನೂ ನೀರ್ ಬತ್ತಿಲ್ಲ?" ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಪ್ರಶ್ನೆ ನಡಾವಳಿ ಪುಸ್ತಕದಲ್ಲಿ ದಾಖಲಾಯಿತು. ನಾನು ಹೊರಡುವ ದಿನದವರೆಗೆ ನಲ್ಲಿ ಮಾತ್ರ ರಿಪೇರಿಯಾಗಿರಲಿಲ್ಲ.

ಚಿಂತನೆ

ಪಂಚಾಯಿತಿ ಸದಸ್ಯರಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ಮೂಲಕ ತರಬೇತಿ ಇದೆ. ತರಬೇತಿ ಅಗತ್ಯ, ಆದರೆ ಅದು ಮುಗಿದ ಮೇಲೂ ಸಭೆಗಳು ನಡೆಯುತ್ತಲೇ ಇರುತ್ತವೆ. ಆಗ ಪಕ್ಕದಲ್ಲಿ ಕೂರುವವರು ಬೇಕು. ಇಂಟರ್ನ್‌ಶಿಪ್ ಮುಗಿಸಿ ಹೋಗುವ ನಾವು ಆ ಜನ ಅಲ್ಲ. ಅದಕ್ಕೇ ಕೊನೆಯ ವಾರ, ಹಿಂದೆ ಸಮಿತಿಯಲ್ಲಿದ್ದ ಅದೇ ಊರಿನ ಇನ್ನೊಬ್ಬ ತಾಯಿಯನ್ನು ಇವರ ಜೊತೆ ಕೂರಿಸಿದೆ.

ಮುಂದಿನ ತಂಡದವರಲ್ಲಿ ನನ್ನ ವಿನಂತಿ: ಸಮಿತಿಯ ಸದಸ್ಯರ ಪಟ್ಟಿ ನೋಡಿ ಸುಮ್ಮನಾಗಬೇಡಿ. ಕಳೆದ ಸಭೆಯಲ್ಲಿ ಯಾರು ಮಾತಾಡಿದರು ಎಂದು ಎಣಿಸಿ, ಅದರ ಶೇಕಡಾ ತೆಗೆಯಿರಿ. ಆ ಶಾಲೆಗೆ ಹೋಗುವವರು ನಲ್ಲಿಯನ್ನೂ ಒಮ್ಮೆ ತಿರುಗಿಸಿ ನೋಡಿ.